ಪಕ್ಕದಲ್ಲಿ ನಿಂತು ಗಿಟಾರ್ ನುಡಿಸೋನಿಗೆ ಹಾಡಲ್ಲಿ ಪಾಲು ಇದ್ಯಾ? ಮಿಕ್ ರಾನ್ಸನ್ ಕಥೆ ನೋಡಿ ನಿದ್ದೆಗೆಟ್ಟ ಓದುಗರಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆಯವ್ನು, ಮ್ಯಾಂಚೆಸ್ಟರ್‌ಗೆ ಬಂದು ಒಂಬತ್ತು ವರ್ಷ ಆಯ್ತು, ಐಎಲ್‌ಆರ್ (ಇಲ್ಲೇ ಕಾಯಂ ಇರೋ ಅನುಮತಿ) ಸಿಕ್ಕಿದೆ, ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಶುಕ್ರವಾರ ಶನಿವಾರ ರಾತ್ರಿ ಇಲ್ಲಿನ ಒಬ್ಬ ಗಾಯಕಿ ಜೊತೆ ಪಬ್‌ಗಳಲ್ಲಿ ಗಿಟಾರ್ ನುಡಿಸ್ತೀನಿ, ನಾಲ್ಕು ವರ್ಷದಿಂದ. ಈಗ ಒಂದು ಸಣ್ಣ ಲೇಬಲ್, ಅಂದ್ರೆ ರೆಕಾರ್ಡ್ ಕಂಪನಿ, ಅವರ ಆಲ್ಬಂ ತರ್ತಿದೆ, ಒಂಬತ್ತು ಹಾಡು. ಹಾಡುಗಳೆಲ್ಲ ಅವರದ್ದೇ. ಆದ್ರೆ ಮೂರು ಹಾಡಲ್ಲಿ ಶುರುವಿಗೆ ಬರೋ ಗಿಟಾರ್ ಟ್ಯೂನ್ ನಂದು, ಇನ್ನೊಂದರಲ್ಲಿ ಸ್ಟ್ರಿಂಗ್ಸ್ ಅರೇಂಜ್‌ಮೆಂಟ್ (ವಯಲಿನ್ ಥರದ ವಾದ್ಯದವ್ರು ಏನು ನುಡಿಸ್ಬೇಕು ಅನ್ನೋದು) ಪೂರ್ತಿ ನಾನೇ ಕೂತು ಬರ್ದಿದ್ದು. ಎಲ್ಲಾ ಸೇರಿ 1000 ಪೌಂಡ್ ಕೊಡ್ತೀವಿ, ಒಂದು ಪೇಪರ್‌ಗೆ ಸೈನ್ ಹಾಕು ಅಂತಿದ್ದಾರೆ. ‘ನೀನೇ ನನ್ನ ಮಿಕ್ ರಾನ್ಸನ್’ ಅಂತ ಆಕೆ ಖುಷಿಯಿಂದ ಹೇಳ್ತಾರೆ, ನಾನು ಆ ಹೆಸರು ಹುಡುಕಿಕೊಂಡು ಹೋಗಿ ಓದಿ ನೋಡಿದ್ರೆ ಎದೆ ಧಸಕ್ ಅಂತು. ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿ ಪಕ್ಕದಲ್ಲಿ ಗಿಟಾರ್ ನುಡಿಸಿ ಅಷ್ಟೆಲ್ಲ ಮಾಡಿದ ಮನುಷ್ಯನಿಗೆ ದುಡ್ಡೇ ಸಿಗ್ಲಿಲ್ಲವಂತೆ, ಬೋವಿ ಮೋಸ ಮಾಡಿದ್ರಂತೆ. ನಿಜಾನಾ? ನಾನು ಸೈನ್ ಹಾಕ್ಬೇಕಾ ಬೇಡ್ವಾ? ನನ್ನ ಹೆಂಡತಿ, ಸ್ನೇಹ ಹಾಳು ಮಾಡ್ಕೋಬೇಡಿ ಅಂತಾಳೆ.

ಉತ್ತರ: ಮೊದ್ಲೇ ಹೇಳಿಬಿಡ್ತೀನಿ, ನಿಮ್ಮ ಪತ್ರದಲ್ಲಿ ಎರಡು ಭಯ ಒಂದಕ್ಕೊಂದು ಗಂಟು ಹಾಕ್ಕೊಂಡಿವೆ. ಒಂದು, ನನ್ನ ಕೆಲಸಕ್ಕೆ ಬೆಲೆ ಸಿಗಲ್ವಾ ಅನ್ನೋದು. ಇನ್ನೊಂದು, ಜೀವನ ಪೂರ್ತಿ ಇನ್ನೊಬ್ಬರ ಪಕ್ಕದಲ್ಲೇ ನಿಂತಿರ್ತೀನಾ ಅನ್ನೋದು. ಎರಡನೇದು ಭಯ ಪಡೋ ವಿಷಯವೇ ಅಲ್ಲ. ನಮ್ಮಲ್ಲಿ ಪಕ್ಕವಾದ್ಯ ಅಂತ ಎಷ್ಟು ಚಂದದ ಪದ ಇದೆ, ಪಕ್ಕವಾದ್ಯದ ಪಿಟೀಲಿನ ಚೌಡಯ್ಯನವರ ಹೆಸರಲ್ಲಿ ಬೆಂಗಳೂರಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಇದೆ, ಪಕ್ಕದಲ್ಲಿ ಕೂತ್ರೆ ಮರ್ಯಾದೆ ಕಮ್ಮಿ ಅಂತ ಯಾರೂ ಅಂದ್ಕೊಂಡಿಲ್ಲ. ಮೊದಲನೇ ಭಯ ಮಾತ್ರ ಸರಿಯಾಗೇ ಇದೆ, ಆದ್ರೆ ಅದಕ್ಕೆ ಕಾರಣ ನೀವು ಓದಿದ ‘ಮೋಸ’ದ ಕಥೆ ಅಲ್ಲ.

ನಾನು ಲಂಡನ್‌ನಲ್ಲಿ ಇಪ್ಪತ್ತು ವರ್ಷದ ಮೇಲಾಯ್ತು ಬೇರೆಯವರ ಹಾಡಿಗೆ ಗಿಟಾರ್ ನುಡಿಸ್ತಾ, ಈಗೀಗ ಹುಡುಗರ ಕಾಂಟ್ರಾಕ್ಟ್ ಓದಿ ಹೇಳೋ ಕೆಲಸವೂ ಜಾಸ್ತಿ ಆಗಿದೆ. ವಾರಕ್ಕೊಬ್ಬರಾದ್ರೂ ರಾನ್ಸನ್ ಹೆಸರು ಎತ್ತುತಾರೆ. ಹಾಗಾಗಿ ಆ ಕಥೆ ಮೊದ್ಲು ಸರಿಯಾಗಿ ನೋಡೋಣ.

ಮಿಕ್ ರಾನ್ಸನ್ ಹುಟ್ಟಿದ್ದು 1946ರಲ್ಲಿ, ಇಂಗ್ಲೆಂಡಿನ ಹಲ್ ಅನ್ನೋ ಬಂದರು ಊರಲ್ಲಿ. ಚಿಕ್ಕವನಿದ್ದಾಗಲೇ ಪಿಯಾನೋ, ವಯಲಿನ್ ಕಲಿತ ಹುಡುಗ, ಗಿಟಾರ್ ಆಮೇಲೆ ಬಂದಿದ್ದು. ಅಲ್ಲಿಯ ರ‍್ಯಾಟ್ಸ್ ಅನ್ನೋ ಬ್ಯಾಂಡಲ್ಲಿ ನುಡಿಸ್ತಿದ್ರು, ಲಂಡನ್‌ಗೆ ಹೋಗಿ ಒಂದು ಸಲ ಕೈ ಸುಟ್ಕೊಂಡು ವಾಪಸ್ ಬಂದಿದ್ರು. 1970ರ ಶುರುವಲ್ಲಿ ಹಳೇ ಡ್ರಮ್ಮರ್ ಗೆಳೆಯ ಜಾನ್ ಕೇಂಬ್ರಿಡ್ಜ್ ‘ಬೋವಿಗೆ ಗಿಟಾರಿಸ್ಟ್ ಬೇಕು ಬಾ’ ಅಂತ ಹುಡುಕಿಕೊಂಡು ಬಂದಾಗ ಇವ್ರು ಊರಿನ ಕೌನ್ಸಿಲ್ಲಿನ ಪಾರ್ಕ್ ಇಲಾಖೆಯಲ್ಲಿ ಮಾಲಿ ಕೆಲಸ ಮಾಡ್ತಾ ರಗ್ಬಿ ಮೈದಾನಕ್ಕೆ ಬಿಳಿ ಗೆರೆ ಎಳೀತಿದ್ರು. ಬರೋಕೂ ಹಿಂದೇಟು ಹಾಕಿದ್ರು. ಬಂದ ಕೆಲವೇ ದಿನದಲ್ಲಿ ಬಿಬಿಸಿಯಲ್ಲಿ ಬೋವಿ ಜೊತೆ ನುಡಿಸ್ತಿದ್ದಾರೆ, ಅಭ್ಯಾಸಕ್ಕೂ ಸರಿಯಾಗಿ ಟೈಮ್ ಇಲ್ಲದೆ. ಅಲ್ಲಿಂದ 1973ರವರೆಗೆ ಸಾಲಾಗಿ ಬಂದ ಬೋವಿ ಆಲ್ಬಂಗಳಲ್ಲಿ ಕೇಳೋ ಗಿಟಾರ್ ಇವರದ್ದೇ, ಎಷ್ಟೋ ಹಾಡಿನ ಸ್ಟ್ರಿಂಗ್ಸ್ ಬರವಣಿಗೆಯೂ ಇವರದ್ದೇ.

‘ಲೈಫ್ ಆನ್ ಮಾರ್ಸ್’ ಹಾಡು ಕೇಳಿ, 1971ರದ್ದು. ಪಿಯಾನೋ ರಿಕ್ ವೇಕ್‌ಮನ್ ನುಡಿಸಿದ್ದು, ಹಾಡು ಬೋವಿದು, ಆದ್ರೆ ಎರಡನೇ ಸಲ ಕೋರಸ್ (ಪಲ್ಲವಿ) ಬರೋವಾಗ ಮೇಲೆ ಮೇಲೆ ಎದ್ದು ಬರುತ್ತಲ್ಲ ಸ್ಟ್ರಿಂಗ್ಸ್, ಅದು ರಾನ್ಸನ್ ಬರೆದಿದ್ದು. ಕೊನೆಗೆ ಎಲ್ಲ ಮುಗಿದು ಸುಮ್ನಾದ್ಮೇಲೂ ಹೆಡ್‌ಫೋನ್ ತೆಗೀಬೇಡಿ, ದೂರದಲ್ಲಿ ಒಂದು ಟೆಲಿಫೋನ್ ರಿಂಗ್ ಆಗುತ್ತೆ. ಹಳೇ ಟೇಕ್ ಒಂದರ ಮಧ್ಯೆ ಸ್ಟುಡಿಯೋ ಪಕ್ಕದ ಫೋನ್ ಬಡ್ಕೊಂಡಿದ್ದು ಟೇಪಲ್ಲಿ ಉಳ್ಕೊಂಡಿತ್ತು, ಹಾಗೇ ಬಿಟ್ರು. ನಾನು ವಿದ್ಯಾರ್ಥಿಗಳಿಗೆ ಅದನ್ನ ಕೇಳಿಸ್ತೀನಿ ಯಾಕಂದ್ರೆ ರೆಕಾರ್ಡ್ ಅನ್ನೋದು ಹಾಡಷ್ಟೇ ಅಲ್ಲ, ಹಾಡಿನ ಮೇಲೆ ಒಂದು ಕೋಣೆಯಲ್ಲಿ ಅವತ್ತು ಏನೇನಾಯ್ತೋ ಅದೆಲ್ಲ. ನಿಮ್ಮ ತಲೆನೋವಿನ ಮೂಲವೂ ಅಲ್ಲೇ ಇದೆ, ಕಾನೂನು ಹಾಡನ್ನ ಬೇರೆ ನೋಡುತ್ತೆ, ಆ ಕೋಣೆಯಲ್ಲಿ ಆಗಿದ್ದನ್ನ ಬೇರೆ ನೋಡುತ್ತೆ.

ಈಗ ಮೋಸದ ಮಾತು. ಬೋವಿ ರಾನ್ಸನ್ ಹೆಸರೇ ಹಾಕ್ಲಿಲ್ಲ ಅಂತಾರಲ್ಲ, ಅದು ಸುಳ್ಳು. ಆ ಹಾಡಿರೋ ಆಲ್ಬಂ ಹಿಂದೆ ಅರೇಂಜ್‌ಮೆಂಟ್‌ನಲ್ಲಿ ರಾನ್ಸನ್ ಹೆಸರು ಅಚ್ಚಾಗಿದೆ, 1972ರಲ್ಲಿ ಬಂದ ಅಮೆರಿಕದ ಗಾಯಕ ಲೂ ರೀಡ್ ಅವರ ‘ಟ್ರಾನ್ಸ್‌ಫಾರ್ಮರ್’ ಆಲ್ಬಂ ಮೇಲೆ ಪ್ರೊಡ್ಯೂಸರ್ (ರೆಕಾರ್ಡಿಂಗ್ ಉಸ್ತುವಾರಿ) ಅಂತ ಬೋವಿ ಜೊತೆಗೇ ಇದೆ. ಆದ್ರೆ ಆಲ್ಬಂ ಹಿಂದಿನ ಹೆಸರು ಬೇರೆ, ಹಾಡಿನ ಬರಹಗಾರ ಅಂತ ರಿಜಿಸ್ಟರ್ ಆಗೋ ಹೆಸರು ಬೇರೆ. ಮೊದಲನೇದು ಗೌರವ. ಎರಡನೇದು ದುಡ್ಡು. ರಾನ್ಸನ್‌ಗೆ ಮೊದಲನೇದು ಸಿಕ್ತು, ಬೋವಿ ಹಾಡುಗಳಲ್ಲಿ ಎರಡನೇದು ಸಿಗ್ಲಿಲ್ಲ. ಅವತ್ತಿನ ಪದ್ಧತಿ ಪ್ರಕಾರ ಮಾತು ಮತ್ತು ರಾಗ ತಂದವ್ನೇ ಬರಹಗಾರ, ಉಳಿದವ್ರೆಲ್ಲ ಒಗ್ಗರಣೆ ಹಾಕಿದವ್ರು. ಒಗ್ಗರಣೆ ಇಲ್ಲದ ಸಾರು ಯಾರಿಗೂ ಬೇಡ, ಆದ್ರೂ ಸಾರು ಮಾಡಿದವ್ರು ಯಾರು ಅಂದ್ರೆ ಬೇಳೆ ಬೇಯಿಸಿದವರ ಹೆಸರೇ ಹೇಳೋದು, ಆ ಥರ.

ಮತ್ತೆ ಗೆರೆ ಎಲ್ಲಿ ಎಳೆಯೋದು ಅನ್ನೋದೂ ಅಷ್ಟು ಸುಲಭ ಇಲ್ಲ ನೋಡಿ. ‘ಮೂನೇಜ್ ಡೇಡ್ರೀಮ್’ ಕೊನೆಯ ಗಿಟಾರ್ ಸೋಲೋ ಇದೆಯಲ್ಲ, ರಾನ್ಸನ್ ಹೆಸರು ಹೇಳಿದ್ರೆ ಎಲ್ಲರಿಗೂ ನೆನಪಾಗೋದು ಅದೇ. ಅದನ್ನ ಬೋವಿ ಮೊದ್ಲು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದಂತೆ, ಆಮೇಲೆ ಅವರೇ ಹೇಳ್ಕೊಂಡಿದ್ದು ಇದು. ಮೊದ್ಲು ಒಂದು ನೇರ ಗೆರೆ, ಅದು ಹೋಗ್ತಾ ಹೋಗ್ತಾ ಮೆಗಾಫೋನ್ ಥರ ಅಗಲ ಆಗುತ್ತೆ, ಕೊನೆಗೆ ಚುಕ್ಕೆ ಗೀಟು ಎರಚಿದ ಹಾಗೆ ಒಡೆದು ಹೋಗುತ್ತೆ. ರಾನ್ಸನ್ ಆ ಚಿತ್ರ ನೋಡಿ ತಮ್ಮ ಲೆಸ್ ಪಾಲ್ ಗಿಟಾರ್ ಎತ್ಕೊಂಡು ಅದನ್ನ ಸ್ವರ ಮಾಡಿದ್ರು. ಈಗ ಹೇಳಿ ಆ ಸೋಲೋ ಯಾರದ್ದು? ಚಿತ್ರ ಬರೆದವರದ್ದಾ, ಒಂದೊಂದು ಸ್ವರ ಹುಡುಕಿದವರದ್ದಾ? ನಾನು ನುಡಿಸೋನಾದ್ದರಿಂದ ರಾನ್ಸನ್ ಅಂತೀನಿ, ಆದ್ರೆ ಬೋವಿ ಸುಮ್ನೆ ಕೂತಿದ್ರು ಅಂತ ಹೇಳೋಕೂ ಆಗಲ್ಲ.

ಸಂಬಳದ ವಿಷಯದಲ್ಲಿ ಮಾತ್ರ ಗಲಾಟೆ ನಿಜವಾಗ್ಲೂ ಇತ್ತು. ಅಮೆರಿಕ ಪ್ರವಾಸದಲ್ಲಿ ಹೊಸದಾಗಿ ಸೇರಿದ ಪಿಯಾನೋದವ್ರು ಮೈಕ್ ಗಾರ್ಸನ್, ಅವ್ರು ಮಾತಿನ ಭರದಲ್ಲಿ ತಮ್ಮ ವಾರದ ಸಂಬಳ ಬಾಯಿಬಿಟ್ಟಾಗ್ಲೇ ಹಳೇ ಬ್ಯಾಂಡಿನವರಿಗೆ ಗೊತ್ತಾಗಿದ್ದು ತಮಗಿಂತ ಎಷ್ಟೋ ಪಟ್ಟು ಜಾಸ್ತಿ ಕೊಡ್ತಿದ್ದಾರೆ ಅಂತ. ಆ ಲೆಕ್ಕ ಎಲ್ಲ ಮ್ಯಾನೇಜರ್ ಟೋನಿ ಡಿಫ್ರೀಸ್ ಕೈಯಲ್ಲಿತ್ತು. 1973 ಜುಲೈ 3ರಂದು ಲಂಡನ್‌ನ ಹ್ಯಾಮರ್‌ಸ್ಮಿತ್ ಓಡಿಯನ್ ವೇದಿಕೆ ಮೇಲೆ ಬೋವಿ ‘ಇದೇ ನಮ್ಮ ಕೊನೇ ಶೋ’ ಅಂತ ಮೈಕಲ್ಲಿ ಹೇಳಿದಾಗ ಪಕ್ಕದಲ್ಲೇ ನಿಂತಿದ್ದ ಬೇಸ್ ಗಿಟಾರಿನ ಟ್ರೆವರ್ ಬೋಲ್ಡರ್, ಹಿಂದೆ ಕೂತಿದ್ದ ಡ್ರಮ್ಮರ್ ವುಡಿ ವುಡ್‌ಮನ್ಸಿ ಇಬ್ಬರಿಗೂ ಅದು ಮೊದಲ ಸುದ್ದಿ. ಜನರ ಜೊತೆಗೇ ಅವರೂ ಕೇಳಿದ್ದು, ತಮ್ಮ ಕೆಲಸ ಹೋಯ್ತು ಅಂತ. ರಾನ್ಸನ್‌ಗೆ ಮುಂಚೆನೇ ಗೊತ್ತಿತ್ತು, ಅವರನ್ನ ಸೋಲೋ ಸ್ಟಾರ್ ಮಾಡೋ ಪ್ಲಾನ್ ಆಗ್ಲೇ ತಯಾರಿತ್ತು. ಪಕ್ಕದಲ್ಲಿ ನುಡಿಸೋರ ಜೀವನದ ನಿಜವಾದ ಅಪಾಯ ಇದು. ಹಾಡಿನ ಪಾಲು ಆಮೇಲೆ, ನಾಳೆ ಕೆಲಸ ಇದೆಯೋ ಇಲ್ವೋ ಅನ್ನೋದೇ ಇನ್ನೊಬ್ಬರ ಬಾಯಲ್ಲಿರುತ್ತೆ.

‘ಪಾಪ, ಮುಂದೆ ಬರೋಕೆ ಬಿಡ್ಲಿಲ್ಲ’ ಅನ್ನೋದೂ ಅರ್ಧ ಸತ್ಯ. ಬಿಟ್ರು, ತಳ್ಳಿದ್ರು ಕೂಡ. 1974ರಲ್ಲಿ ಸೋಲೋ ಆಲ್ಬಂ ಬಂತು, ಬ್ರಿಟನ್ ಚಾರ್ಟಲ್ಲಿ 9ನೇ ಸ್ಥಾನಕ್ಕೆ ಹೋಯ್ತು, ಸೋತ ಆಲ್ಬಂ ಅಲ್ಲ ಅದು. ಮುಂದಿನ ವರ್ಷ ಇನ್ನೊಂದು ಬಂತು. ಆದ್ರೆ ಮಧ್ಯದಲ್ಲಿ ನಿಂತು ಹಾಡೋದು ಆ ಮನುಷ್ಯನ ಜಾಯಮಾನ ಅಲ್ಲ ಅಂತ ನೋಡಿದವರಿಗೆಲ್ಲ ಗೊತ್ತಾಗ್ತಿತ್ತು. ಆ ಎರಡು ಆಲ್ಬಂ ಮಧ್ಯೆಯೇ ಮಾಟ್ ದ ಹೂಪಲ್ ಬ್ಯಾಂಡಲ್ಲಿ ಸ್ವಲ್ಪ ದಿನ, ಅಲ್ಲಿಂದ ಅದರ ಗಾಯಕ ಇಯಾನ್ ಹಂಟರ್ ಜೊತೆ ಹೊರಗೆ ಬಂದು ಸಾಯೋವರೆಗೂ ಬಿಟ್ಟು ಬಿಟ್ಟು ನಡೆದ ಒಂದು ಗೆಳೆತನ, 1975ರಲ್ಲಿ ಬಾಬ್ ಡಿಲನ್ ಅವರ ರೋಲಿಂಗ್ ಥಂಡರ್ ತಿರುಗಾಟದಲ್ಲಿ ಗಿಟಾರ್, ರಾಜರ್ ಮೆಗ್ವಿನ್, ಎಲೆನ್ ಫೋಲಿ ಅವರ ಆಲ್ಬಂಗಳಿಗೆ ಪ್ರೊಡ್ಯೂಸರ್. 1982ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆದ ಜಾನ್ ಮೆಲೆನ್‌ಕ್ಯಾಂಪ್ ಅವರ ‘ಜ್ಯಾಕ್ ಅಂಡ್ ಡಯಾನ್’ ಕಥೆ ಇನ್ನೂ ಮಜಾ ಇದೆ. ಆ ಹಾಡು ಸರಿ ಬರ್ತಿಲ್ಲ ಅಂತ ಮೆಲೆನ್‌ಕ್ಯಾಂಪ್ ಪಕ್ಕಕ್ಕೆ ಎಸೆದಿದ್ರಂತೆ, ರಾನ್ಸನ್ ಬಂದು ಇದಕ್ಕೆ ಮಕ್ಕಳ ಗಿಲಕಿ ಹಾಕೋಣ ಅಂದ್ರಂತೆ, ಮಧ್ಯದಲ್ಲಿ ಎಲ್ಲರೂ ಗುಂಪಾಗಿ ಹಾಡೋ ಆ ಭಾಗವೂ ಅವರದ್ದೇ ಐಡಿಯಾ ಅಂತ ಮೆಲೆನ್‌ಕ್ಯಾಂಪೇ ಹೇಳಿದ್ದಾರೆ. ಯೋಚನೆ ಮಾಡಿ, ರಾಕ್ ಹಾಡಿಗೆ ಗಿಲಕಿ! ಇನ್ನೊಬ್ಬರ ಅರ್ಧ ಹಾಡು ಕೇಳಿ ಅದಕ್ಕೆ ಏನು ಕಮ್ಮಿ ಅಂತ ಹೇಳೋದು, ಅದೇ ಅವರ ಪ್ರತಿಭೆ, ಸ್ವಂತ ಹಾಡು ಬರೆಯೋದಲ್ಲ. ಕಾನೂನಿನ ಕಣ್ಣಿಗೆ ಸುಲಭಕ್ಕೆ ಕಾಣಿಸದೆ ಇರೋದೂ ಅದೇ ಪ್ರತಿಭೆ, ಏನು ಮಾಡೋದು.

1991ರಲ್ಲಿ ಲಿವರ್ ಕ್ಯಾನ್ಸರ್ ಗೊತ್ತಾಯ್ತು. ಆಮೇಲೂ ಕೆಲಸ ನಿಲ್ಲಿಸ್ಲಿಲ್ಲ, ಮಾರಿಸ್ಸಿ ಅನ್ನೋ ಗಾಯಕನ ಆಲ್ಬಂ ಪ್ರೊಡ್ಯೂಸ್ ಮಾಡಿದ್ರು, 1992 ಏಪ್ರಿಲ್‌ನಲ್ಲಿ ಫ್ರೆಡ್ಡಿ ಮರ್ಕ್ಯುರಿ ನೆನಪಿನ ಕಾರ್ಯಕ್ರಮಕ್ಕೆ ವೆಂಬ್ಲಿಯಲ್ಲಿ ಬೋವಿ, ಹಂಟರ್ ಜೊತೆ ನಿಂತು ನುಡಿಸಿದ್ರು. 1993ರಲ್ಲಿ ಬಂದ ಬೋವಿ ಆಲ್ಬಂನಲ್ಲೂ ಒಂದು ಹಾಡಿಗೆ ಗಿಟಾರ್ ಇದೆ. ಮೋಸ ಮಾಡಿದವರ ಜೊತೆ ಇಪ್ಪತ್ತು ವರ್ಷ ಆದ್ಮೇಲೆ ಹೀಗೆ ನಿಲ್ತಾರಾ ನೀವೇ ಹೇಳಿ. ಆ ಆಲ್ಬಂ ಬಂದ ತಿಂಗಳೇ, ಏಪ್ರಿಲ್ 29ಕ್ಕೆ ತೀರ್ಕೊಂಡ್ರು, 46 ವರ್ಷ.

ಈಗ ಒಂದು ವಿಷಯ ಯಾರೂ ಹೇಳಲ್ಲ, ನಿಮಗೆ ಬೇಕಾಗಿರೋದು ಅದು. ಬ್ರಿಟನ್‌ನಲ್ಲಿ ರೆಕಾರ್ಡ್ ರೇಡಿಯೋದಲ್ಲಿ, ಅಂಗಡಿ ಪಬ್ಬಲ್ಲಿ ಬಂದಾಗ ಅದರಲ್ಲಿ ನುಡಿಸಿದ ಪ್ರತಿಯೊಬ್ಬರಿಗೂ ಪಾಲು ಸಿಗ್ಬೇಕು ಅನ್ನೋದು ಕಾನೂನಿನ ಹಕ್ಕಾಗಿ ಬಂದಿದ್ದು 1996ರ ಡಿಸೆಂಬರ್‌ನಲ್ಲಿ. ರಾನ್ಸನ್ ಹೋಗಿ ಮೂರು ವರ್ಷ ಆಗಿತ್ತು ಆಗ್ಲೇ. ಅಂದ್ರೆ ಅವರ ಕಾಲದ ಕಷ್ಟಕ್ಕೆ ದೊಡ್ಡ ಕಾರಣ ಒಬ್ಬ ಕೆಟ್ಟ ಗೆಳೆಯ ಅಲ್ಲ, ಇವತ್ತು ನಿಮಗಿರೋ ಹಕ್ಕು ಅವತ್ತು ಇರ್ಲಿಲ್ಲ ಅನ್ನೋದು. ನೀವು 1972ರಲ್ಲಿ ಇಲ್ಲ ಮಾರಾಯ್ರೆ.

ದುಡ್ಡು ಮೂರು ದಾರಿಯಲ್ಲಿ ಬರುತ್ತೆ ಅಂತ ಇಟ್ಕೊಳ್ಳಿ. ಬಂದು ನುಡಿಸಿದ್ದಕ್ಕೆ ಕೂಲಿ, ಅದು ಒಂದೇ ಸಲ. ರೆಕಾರ್ಡಿಂಗ್ ಪ್ರಸಾರ ಆದಾಗ ಬರೋದು, ಅದು ಪಿಪಿಎಲ್ ಅನ್ನೋ ಸಂಸ್ಥೆ ಮೂಲಕ, ಅರ್ಧ ರೆಕಾರ್ಡ್ ಮಾಲೀಕರಿಗೆ ಅರ್ಧ ನುಡಿಸಿದವರಿಗೆ ಹಾಡಿದವರಿಗೆ ಹಂಚ್ತಾರೆ. ಮೂರನೇದು ಹಾಡು ಬರೆದವರಿಗೆ ಬರೋದು, ಅದಕ್ಕೆ ಪಿಆರ್‌ಎಸ್ ಅನ್ನೋ ಇನ್ನೊಂದು ಸಂಸ್ಥೆ. ದೊಡ್ಡ ದುಡ್ಡು ವರ್ಷಗಟ್ಟಲೆ ಹರಿಯೋದು ಈ ಮೂರನೇದರಲ್ಲಿ, ಮತ್ತೆ ಸ್ಪಾಟಿಫೈ ಥರದ ಸ್ಟ್ರೀಮಿಂಗ್‌ಗೆ ಪಿಪಿಎಲ್ ದಾರಿ ಅನ್ವಯ ಆಗಲ್ಲ, ಅಲ್ಲಿ ಕೂಲಿಗೆ ನುಡಿಸಿದವನಿಗೆ ಸೊನ್ನೆ, ಇದು ತಲೆಯಲ್ಲಿರ್ಲಿ. ಕೂಲಿಯಲ್ಲೂ ಬುದ್ಧಿವಂತರಿದ್ದಾರೆ ಬಿಡಿ. ರಾನ್ಸನ್ ಮತ್ತು ಬೋವಿ ಪ್ರೊಡ್ಯೂಸ್ ಮಾಡಿದ ಆ ಲೂ ರೀಡ್ ಆಲ್ಬಂನಲ್ಲಿ ‘ವಾಕ್ ಆನ್ ದ ವೈಲ್ಡ್ ಸೈಡ್’ ಹಾಡಿಗೆ ಜಾರಿ ಜಾರಿ ಬರೋ ಬೇಸ್ ನುಡಿಸಿದ್ದು ಹರ್ಬಿ ಫ್ಲವರ್ಸ್, ನಿಂತು ನುಡಿಸೋ ದೊಡ್ಡ ಬೇಸ್ ಮೇಲೆ ಒಂದು ಸಲ, ಎಲೆಕ್ಟ್ರಿಕ್ ಬೇಸ್ ಮೇಲೆ ಇನ್ನೊಂದು ಸಲ. ಯಾಕೆ ಎರಡು ಅಂದ್ರೆ ಎರಡು ವಾದ್ಯ ನುಡಿಸಿದ್ರೆ ಎರಡು ಕೂಲಿ ಸಿಗ್ತಿತ್ತು ಅಂತ ಅವರೇ ನಗ್ತಾ ಹೇಳ್ತಿದ್ರು. ಆ ಬೇಸ್ ಇಲ್ಲದೆ ಆ ಹಾಡೇ ಇಲ್ಲ, ಆದ್ರೂ ಬರಹಗಾರ ಅಂತ ಲೂ ರೀಡ್ ಒಬ್ಬರೇ.

ಹಾಗಾದ್ರೆ ನುಡಿಸೋನಿಗೆ ಬರಹಗಾರನ ಪಾಲು ಸಿಗೋದೇ ಇಲ್ವಾ ಅಂದ್ರೆ, ಸಿಕ್ಕಿದೆ. 1967ರ ‘ಎ ವೈಟರ್ ಶೇಡ್ ಆಫ್ ಪೇಲ್’ ಹಾಡಿನ ಶುರುವಿನ ಆರ್ಗನ್ ರಾಗ ನುಡಿಸಿದ ಮ್ಯಾಥ್ಯೂ ಫಿಶರ್ 2005ರಲ್ಲಿ ಕೇಸ್ ಹಾಕಿದ್ರು, 38 ವರ್ಷ ಆದ್ಮೇಲೆ, ಒಂದು ಕೋರ್ಟಲ್ಲಿ ಗೆದ್ದು ಮುಂದಿನದ್ರಲ್ಲಿ ದುಡ್ಡಿನ ಪಾಲು ಕಳ್ಕೊಂಡು ಕೊನೆಗೆ 2009ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಅದೇ ಇಲ್ಲಿನ ಕೊನೇ ಕೋರ್ಟ್) ಅವರ ಪರ ತೀರ್ಪು ಕೊಡ್ತು, ಸಂಗೀತದ ಭಾಗದಲ್ಲಿ ನೂರಕ್ಕೆ 40. ಆದ್ರೆ ಹಿಂದಿನ 38 ವರ್ಷದ್ದು ಬರ್ಲಿಲ್ಲ, ಕೇಸ್ ಹಾಕಿದ ಮೇಲಿಂದಷ್ಟೇ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಹಾಡಿಗೆ 1973ರಲ್ಲಿ 30 ಪೌಂಡ್‌ಗೆ ಬಂದು ಮಾತಿಲ್ಲದೆ ಬರೀ ದನಿಯಲ್ಲಿ ಹಾಡಿ ಹೋದ ಕ್ಲೇರ್ ಟೋರಿ ಕೂಡ 2004ರಲ್ಲಿ ಕೋರ್ಟಿಗೆ ಹೋಗಿ ಮಾರನೇ ವರ್ಷ ರಾಜಿ ಮಾಡ್ಕೊಂಡು ಬರಹಗಾರ್ತಿ ಅಂತ ಹೆಸರು ಪಡೆದ್ರು. ಇದನ್ನೆಲ್ಲ ಓದಿ ನಾನೂ ಆಮೇಲೆ ಕೇಸ್ ಹಾಕ್ತೀನಿ ಅಂದ್ಕೋಬೇಡಿ, ಅವೆರಡೂ ಲೋಕಪ್ರಸಿದ್ಧ ಹಾಡು, ವಕೀಲರ ಖರ್ಚು ತಡೀತು. ಸಾಧಾರಣ ಹಾಡಿಗೆ ಕೋರ್ಟಿಗೆ ಹೋದ್ರೆ ಮನೆ ಮಾರ್ಬೇಕಾಗುತ್ತೆ.

ನಂದೇ ಒಂದು ಹೇಳ್ತೀನಿ. ಲಂಡನ್‌ಗೆ ಬಂದ ಹೊಸದರಲ್ಲಿ ಒಬ್ಬ ಗಾಯಕನ ಹಾಡಿಗೆ ನಾಲ್ಕು ಬಾರಿನ (ತಾಳದ ನಾಲ್ಕು ಆವರ್ತದಷ್ಟು) ಒಂದು ಗಿಟಾರ್ ತುಣುಕು ಮಾಡಿಕೊಟ್ಟೆ, ಕೋರಸ್ ಆದಾಗೆಲ್ಲ ಅದೇ ಬರುತ್ತೆ. ರಾತ್ರಿ ಹನ್ನೊಂದೂವರೆ, ಕೊನೇ ಟ್ಯೂಬ್ ಟ್ರೈನ್ ಹಿಡೀಬೇಕು, ಮಂಡಿ ಮೇಲೆ ಕೂತು ಕೇಬಲ್ ಸುತ್ತುತಾ ಇದ್ದೀನಿ, ಒಬ್ಬ ಹುಡುಗ ಬಂದು ಆಂಪ್ಲಿಫೈಯರ್ ಮೇಲೆ ಅರ್ಧ ಪುಟದ ಕಾಗದ ಇಟ್ಟು ಪೆನ್ ಕೊಟ್ಟ. ಓದದೇ ಸೈನ್ ಹಾಕಿದೆ. 120 ಪೌಂಡ್. ಎರಡು ವರ್ಷ ಆದ್ಮೇಲೆ ಅದೇ ನಾಲ್ಕು ಬಾರ್ ಒಂದು ಟಿವಿ ಜಾಹೀರಾತಲ್ಲಿ ಬಂತು, ಹಾಡಿದವರ ದನಿಯೂ ಇಲ್ಲ, ಬರೀ ನನ್ನ ಗಿಟಾರ್. ಆಗ ಹೋಗಿ ಪಿಪಿಎಲ್‌ನಲ್ಲಿ ನೋಡಿದ್ರೆ ನುಡಿಸಿದವರ ಪಟ್ಟಿಯಲ್ಲೂ ನನ್ನ ಹೆಸರಿಲ್ಲ. ಸ್ಟುಡಿಯೋ ಡೈರಿ, ಬ್ಯಾಂಕ್ ಎಂಟ್ರಿ ತೋರಿಸಿ ಪಟ್ಟಿಗೆ ಸೇರಿಸಿದೆ, ಅಲ್ಲಿ ಸ್ವಲ್ಪ ಬಂತು, ಹಾಡಿನ ಪಾಲು ಮಾತ್ರ ಆ ಕಾಗದದ ಜೊತೆಗೇ ಹೋಗಿತ್ತು. ಯಾರೂ ಕದ್ದಿಲ್ಲ, ನಾನೇ ಕೊಟ್ಟಿದ್ದು.

ಈಗ ನಿಮ್ಮ ವಿಷಯ. 1000 ಪೌಂಡ್ ತಗೊಂಡು ಸುಮ್ನೆ ಸೈನ್ ಹಾಕ್ಬಹುದು, ಸಂಬಂಧ ತಣ್ಣಗಿರುತ್ತೆ, ನಿಜ ಹೇಳ್ಬೇಕಂದ್ರೆ ಸಣ್ಣ ಲೇಬಲ್ಲಿನ ಮೊದಲ ಆಲ್ಬಂಗಳು ಹೆಚ್ಚಿನವು ಅಷ್ಟು ದುಡ್ಡನ್ನೂ ದುಡಿಯಲ್ಲ, ಲೆಕ್ಕದಲ್ಲಿ ನೀವೇ ಲಾಭದಲ್ಲಿರ್ತೀರ. ಅಪಾಯ ಏನಂದ್ರೆ ಒಂಬತ್ತರಲ್ಲಿ ಒಂದು ಹಾಡು ಎದ್ದು ನಿಂತ್ರೆ, ಅದೂ ನಿಮ್ಮ ಟ್ಯೂನಿಂದ, ಆಗ ಹೊಟ್ಟೆ ಉರಿಯುತ್ತೆ, ಆ ಉರಿ ಸ್ನೇಹವನ್ನೂ ಸುಡುತ್ತೆ. ಇನ್ನೊಂದು ದಾರಿ ರೆಕಾರ್ಡಿನ ಲಾಭದಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅನ್ನೋದು. ಕೇಳೋಕೆ ಚೆನ್ನಾಗಿರುತ್ತೆ, ಆದ್ರೆ ಖರ್ಚೆಲ್ಲ ಕಳೆದ ಮೇಲೆ ಲಾಭ ಅಂತ ಬರೆದಿರ್ತಾರೆ, ಆ ಖರ್ಚು ಯಾವತ್ತೂ ಕಳೆಯಲ್ಲ, ಕೂಲಿ ಬಿಟ್ಟು ಇದನ್ನ ಮಾತ್ರ ಒಪ್ಕೋಬೇಡಿ.

ನಾನಾದ್ರೆ ಕೂಲಿ ತಗೊಂಡು, ಪಿಪಿಎಲ್ ಪಟ್ಟಿಯಲ್ಲಿ ಒಂಬತ್ತೂ ಹಾಡಿಗೆ ಹೆಸರು ಹಾಕಿಸಿ, ಹಾಡಿನ ಪಾಲನ್ನ ಒಂದೆರಡು ಹಾಡಿಗೆ ಮಾತ್ರ ಕೇಳ್ತೀನಿ. ಎಲ್ಲದಕ್ಕೂ ಕೇಳಿದ್ರೆ ದುರಾಸೆ ಥರ ಕಾಣುತ್ತೆ, ಅದು ಸರಿಯೂ ಅಲ್ಲ. ನಿಮ್ಮ ಮೂರು ಟ್ಯೂನಲ್ಲಿ ಯಾವುದು ಶುರುವಲ್ಲಿ ಬಂದು ಹೋಗಿಬಿಡುತ್ತೆ, ಯಾವುದು ಮತ್ತೆ ಮತ್ತೆ ಬರುತ್ತೆ, ಯಾವುದನ್ನ ಜನ ಪಬ್ಬಿಂದ ಹೊರಗೆ ಹೋಗ್ತಾ ಗುನುಗ್ತಾರೆ ನೋಡಿ. ಫಿಶರ್ ಗೆದ್ದಿದ್ದೇ ಆ ರಾಗ ತನ್ನಷ್ಟಕ್ಕೇ ಒಂದು ರಾಗವಾಗಿ ನಿಲ್ಲುತ್ತೆ, ಹಾಡಿನ ಗುರುತೇ ಅದು ಅನ್ನೋ ಕಾರಣಕ್ಕೆ. ಕಾರ್ಡ್ ಬಾರಿಸೋ ಶೈಲಿ, ಗಿಟಾರ್ ಟೋನ್, ಫೀಲ್ ಇದಕ್ಕೆಲ್ಲ ಪಾಲು ಕೇಳೋಕೆ ಹೋಗ್ಬೇಡಿ, ಸಿಗಲ್ಲ. ಸ್ಟ್ರಿಂಗ್ಸ್‌ಗೆ ಅರೇಂಜರ್ ಫೀ ಅಂತ ಬೇರೆ ಬಿಲ್ ಮಾಡಿ, 1000ದಲ್ಲಿ ಸೇರಿಸ್ಬೇಡಿ, ಆಲ್ಬಂ ಮೇಲೆ ಹೆಸರು ಬರ್ಲಿ. ನನ್ನ ಅನುಭವದಲ್ಲಿ ಇಂಥ ಟ್ಯೂನಿಗೆ ನೂರಕ್ಕೆ 10, 15 ಕೇಳಿದ್ರೆ ಯಾರೂ ಮುಖ ಸಿಂಡರಿಸಲ್ಲ, ಅರ್ಧ ಕೇಳಿದ್ರೆ ಬೇರೆ ಗಿಟಾರಿಸ್ಟ್ ಹುಡುಕ್ತಾರೆ. ಹುಡುಕೋ ಅಪಾಯ 10 ಕೇಳಿದ್ರೂ ಇದ್ದೇ ಇದೆ, ಅದಕ್ಕೆ ಮನಸ್ಸು ಗಟ್ಟಿ ಮಾಡ್ಕೊಂಡೇ ಮಾತಾಡೋಕೆ ಕೂತ್ಕೊಳ್ಳಿ. ಒಪ್ಪಿದ್ದನ್ನ ಒಂದೇ ಹಾಳೆಯಲ್ಲಿ ಹಾಡಿನ ಹೆಸರು, ಯಾರಿಗೆ ಎಷ್ಟು ಅಂತ ಬರೆದು ಇಬ್ಬರೂ ಸೈನ್ ಹಾಕಿ, ರಿಲೀಸ್ ಆಗೋಕೆ ಮುಂಚೆ. ಲೇಬಲ್ ಕೊಟ್ಟ ಪೇಪರಲ್ಲಿ ‘ಸಂಗೀತ ರಚನೆಯ ಹಕ್ಕೂ ಸೇರಿದಂತೆ ಎಲ್ಲಾ ಹಕ್ಕು’ ಅನ್ನೋ ಅರ್ಥದ ಸಾಲು ಇದ್ರೆ ಅದನ್ನ ಗೀಟು ಹಾಕಿಸಿ, ಅಥವಾ ಆ ಒಂದೆರಡು ಹಾಡು ಬಿಟ್ಟು ಅಂತ ಬರೆಸಿ. ಮ್ಯೂಸಿಷಿಯನ್ಸ್ ಯೂನಿಯನ್‌ಗೆ ಸದಸ್ಯರಾದ್ರೆ ಕಾಂಟ್ರಾಕ್ಟ್ ಓದಿ ಹೇಳ್ತಾರೆ, ಸದಸ್ಯತ್ವದ ದುಡ್ಡು ಅದೊಂದರಲ್ಲೇ ವಸೂಲಿ.

ನಿಮ್ಮ ಮನೆಯವ್ರು ಹೇಳಿದ್ದು ತಪ್ಪಲ್ಲ, ಸ್ನೇಹ ಮುಖ್ಯ. ಅದಕ್ಕೇ ಈ ಮಾತನ್ನ ಇಮೇಲಲ್ಲಿ ಶುರು ಮಾಡ್ಬೇಡಿ, ಲೇಬಲ್ಲಿನವರ ಮುಂದೆ ಅಂತೂ ಬೇಡವೇ ಬೇಡ. ಪ್ರಾಕ್ಟೀಸ್ ಮುಗಿದ ದಿನ ಟೀ ಕುಡೀತಾ ‘ನೀವು ನನ್ನನ್ನ ರಾನ್ಸನ್ ಅಂತೀರಲ್ಲ, ಆ ಎರಡು ಹಾಡಿನ ಬಗ್ಗೆ ಮಾತಾಡ್ಬೇಕಿತ್ತು’ ಅಂತ ಅಲ್ಲಿಂದಲೇ ಎಳ್ಕೊಳ್ಳಿ. ನಾಲ್ಕು ವರ್ಷ ಜೊತೆಗಿದ್ದವ್ರು, ಆ ಟ್ಯೂನ್ ಎಲ್ಲಿಂದ ಬಂತು ಅಂತ ಅವರಿಗೂ ನೆನಪಿರುತ್ತೆ.

ನೆನಪಿಲ್ಲ ಅಂದ್ರೆ? ಪ್ರಾಕ್ಟೀಸಲ್ಲಿ ಫೋನಿಗೆ ರೆಕಾರ್ಡ್ ಮಾಡ್ಕೊಂಡಿರ್ತೀರಲ್ಲ, ಬರೀ ನಿಮ್ಮ ಗಿಟಾರ್ ಇರೋದು, ಹಿಂದೆ ಯಾರೋ ಕೆಮ್ಮೋದು, ‘ಇದನ್ನ ಇಟ್ಕೊಳ್ಳೋಣ’ ಅಂತ ಆಕೆ ಹೇಳೋದು, ಅವೆಲ್ಲ ತಾರೀಖಿನ ಸಮೇತ ಅಲ್ಲೇ ಇರುತ್ತೆ. ಹೊಸ ಫೋನ್ ತಗೊಳ್ಳೋ ಪ್ಲಾನ್ ಇದ್ರೆ ಮೊದ್ಲು ಅದನ್ನ ಇನ್ನೊಂದು ಕಡೆ ಕಾಪಿ ಮಾಡಿಟ್ಟು ಆಮೇಲೆ ಹಳೇದನ್ನ ಕೊಡಿ.